ಒಂದು ತಂಡ, ಎರಡು ರಾಜ್ಯಗಳು: ಜರ್ಮನಿಯ ಒಲಿಂಪಿಕ್ ಪ್ರಯೋಗ

ರಾಷ್ಟ್ರ ಮತ್ತು ರಾಜ್ಯ ಎಂಬ ಎರಡು ಪದಗಳ ಭೇದವನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಮೊದಲ ಪಾಠಗಳಲ್ಲಿಯೇ ಕಲಿಯುತ್ತಾರೆ. ತಾವೆಲ್ಲರೂ ಒಂದೇ ಎಂಬ ಭಾವನೆಯಿಂದ ಬೆಸೆದುಕೊಂಡ ಜನಸಮುದಾಯ ರಾಷ್ಟ್ರ. ನಿಶ್ಚಿತವಾದ ಭೂಪ್ರದೇಶ, ಸರ್ಕಾರ ಮತ್ತು ಪರಮಾಧಿಕಾರಗಳುಳ್ಳ ಸಂಸ್ಥೆ ರಾಜ್ಯ. ಹಾಗಾದರೆ ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ‘ರಾಷ್ಟ್ರೀಯ ತಂಡ’ವೆಂದು ಕರೆಯಲ್ಪಡುವುದು ಇವೆರಡರಲ್ಲಿ ಯಾವುದರ ಪ್ರತಿನಿಧಿ? 1956, 1960 ಮತ್ತು 1964ರ ಒಲಿಂಪಿಕ್ ಕೂಟಗಳಲ್ಲಿ ಸ್ಪರ್ಧಿಸಿದ ಜರ್ಮನಿಯ ಸಂಯುಕ್ತ ತಂಡದ ಇತಿಹಾಸವು ಈ ಪ್ರಶ್ನೆಯನ್ನು ಪರಿಶೀಲಿಸಲು ಒಳ್ಳೆಯ ಅವಕಾಶವನ್ನು ಒದಗಿಸುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ 1949ರಲ್ಲಿ ಎರಡು ರಾಜ್ಯಗಳು ಸ್ಥಾಪಿತವಾದವು. ಸಮಸ್ತ ಜರ್ಮನರ ಪರವಾಗಿ ಮಾತನಾಡುವ ಹಕ್ಕು ತನಗೊಂದಕ್ಕೇ ಉಂಟೆಂಬುದು ಪಶ್ಚಿಮ ಜರ್ಮನಿಯ ವಾದ. ತಾನೂ ಪೂರ್ಣಪ್ರಮಾಣದ ರಾಜ್ಯವೆಂಬುದು ಪೂರ್ವ ಜರ್ಮನಿಯ ವಾದ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 1951ರಲ್ಲಿ ಪಶ್ಚಿಮದ ಸಮಿತಿಗೆ ಮಾತ್ರ ಮನ್ನಣೆ ಕೊಟ್ಟಿತು. ಹೀಗಾಗಿ 1952ರ ಹೆಲ್ಸಿಂಕಿ ಕೂಟದಲ್ಲಿ ಪೂರ್ವದವರು ಭಾಗವಹಿಸಲಿಲ್ಲ. 1955ರಲ್ಲಿ ಪೂರ್ವದ ಸಮಿತಿಗೂ ತಾತ್ಕಾಲಿಕ ಮನ್ನಣೆ ದೊರೆಯಿತು. ಆದರೆ ಇಬ್ಬರೂ ಒಂದೇ ತಂಡವಾಗಿ ಬರಬೇಕೆಂಬ ನಿಬಂಧನೆ ಅದಕ್ಕಿದ್ದಿತು.

ಈ ತಂಡದ ರಚನಾಕ್ರಮವು ಗಮನಾರ್ಹವಾದುದು. ಸ್ಥಾನಗಳನ್ನು ಸಮನಾಗಿ ಹಂಚಿಕೊಳ್ಳುವ ಬದಲು ಎರಡೂ ಕಡೆಯ ಕ್ರೀಡಾಪಟುಗಳು ಆಯ್ಕೆ ಸ್ಪರ್ಧೆಗಳಲ್ಲಿ ಪರಸ್ಪರ ಎದುರಿಸಬೇಕಾಗಿದ್ದಿತು. ಫುಟ್‌ಬಾಲ್, ಹಾಕಿಯಂತಹ ಆಟಗಳಲ್ಲಿ ಗೆದ್ದ ಪಕ್ಷವೇ ಸಮಗ್ರ ಜರ್ಮನಿಯ ಹೆಸರಿನಲ್ಲಿ ಆಡುತ್ತಿದ್ದಿತು. 1964ರ ಟೋಕಿಯೊ ಕೂಟದಲ್ಲಿ ಭಾರತದ ಹಾಕಿ ತಂಡವು 1-1ರಲ್ಲಿ ಸಮಮಾಡಿಕೊಂಡ ‘ಜರ್ಮನಿ’ಯು ವಾಸ್ತವವಾಗಿ ಪೂರ್ವ ಜರ್ಮನಿಯ ತಂಡವೇ ಆಗಿದ್ದಿತು. ಅಲ್ಲದೆ, ಯಾವ ಕಡೆಯ ಕ್ರೀಡಾಪಟುಗಳು ಹೆಚ್ಚೋ ಆ ಕಡೆಯವರಿಗೇ ತಂಡದ ನಾಯಕತ್ವ ಸಲ್ಲುತ್ತಿದ್ದಿತು. ಆದಕಾರಣ ಐಕ್ಯಕ್ಕಾಗಿ ಏರ್ಪಡಿಸಿದ ನಿಯಮವೇ ಪೈಪೋಟಿಗೆ ಪ್ರೇರಣೆಯಾಯಿತು. ಟೋಕಿಯೊ ಕೂಟದ ವೇಳೆಗೆ ಪೂರ್ವದವರೇ ಅಧಿಕಸಂಖ್ಯಾತರಾಗಿದ್ದರು.

ಲಾಂಛನಗಳ ವಿಷಯವೂ ಅಷ್ಟೇ ಸೂಕ್ಷ್ಮವಾದುದಾಗಿದ್ದಿತು. 1956ರಲ್ಲಿ ಕಪ್ಪು, ಕೆಂಪು, ಹೊಂಬಣ್ಣಗಳ ಧ್ವಜವು ಉಭಯ ರಾಜ್ಯಗಳಿಗೂ ಸಮಾನವಾಗಿದ್ದುದರಿಂದ ತೊಡಕು ಉಂಟಾಗಲಿಲ್ಲ. 1959ರಲ್ಲಿ ಪೂರ್ವ ಜರ್ಮನಿಯು ತನ್ನ ಧ್ವಜಕ್ಕೆ ಸುತ್ತಿಗೆ ಮತ್ತು ಕೈವಾರಗಳ ಲಾಂಛನವನ್ನು ಸೇರಿಸಿತು. ಆಗ ತ್ರಿವರ್ಣದ ಮೇಲೆ ಒಲಿಂಪಿಕ್ಕಿನ ಐದು ಬಳೆಗಳನ್ನು ಬಿಳಿಯ ಬಣ್ಣದಲ್ಲಿ ಇರಿಸುವ ಸಂಧಾನವಾಯಿತು. ರಾಷ್ಟ್ರಗೀತೆಯ ಸ್ಥಾನದಲ್ಲಿ ಬೇಥೋವನ್ನನ ಒಂಬತ್ತನೆಯ ಸಿಂಫನಿಯ ಆನಂದಗೀತೆಯ ಸ್ವರವನ್ನು ನುಡಿಸಲಾಯಿತು. ಎರಡು ರಾಜ್ಯಗಳ ಸರ್ಕಾರಗಳು ಒಪ್ಪಬಹುದಾದ ಸಂಕೇತವು ಆ ಎರಡೂ ರಾಜ್ಯಗಳು ಹುಟ್ಟುವುದಕ್ಕೆ ಮೊದಲಿನ ಸಂಸ್ಕೃತಿಯಲ್ಲಿ ದೊರೆತುದು ಅರ್ಥಪೂರ್ಣವಾಗಿದೆ.

ಕ್ರೀಡಾಸಾಧನೆಯ ದೃಷ್ಟಿಯಿಂದ ತಂಡವು ಸಫಲವಾಯಿತು. 1960ರ ರೋಮ್ ಕೂಟದಲ್ಲಿ 42, ಟೋಕಿಯೊದಲ್ಲಿ 50 ಪದಕಗಳು ದೊರೆತವು. ರೋಮ್‌ನಲ್ಲಿ ಪಶ್ಚಿಮದ ಆರ್ಮಿನ್ ಹಾರಿ 100 ಮೀಟರ್ ಓಟವನ್ನು ಗೆದ್ದರೆ, ಪೂರ್ವದ ಇಂಗ್ರಿಡ್ ಕ್ರೇಮರ್ ನೀರಿಗೆ ಧುಮುಕುವ ಸ್ಪರ್ಧೆಗಳಲ್ಲಿ ಎರಡು ಸ್ವರ್ಣಪದಕಗಳನ್ನು ಗಳಿಸಿದರು. ಆದರೆ 1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಪಶ್ಚಿಮದ ಕ್ರೀಡಾಸಂಸ್ಥೆಗಳು ಪೂರ್ವದೊಡನೆ ಸಂಬಂಧವನ್ನು ಕಡಿದುಕೊಂಡವು. ಅಂಥ ಸನ್ನಿವೇಶದಲ್ಲಿಯೂ ಟೋಕಿಯೊಗೆ ಒಂದೇ ತಂಡ ಹೋಯಿತೆಂಬುದನ್ನು ಮರೆಯಲಾಗದು. 1965ರಲ್ಲಿ ಪ್ರತ್ಯೇಕ ತಂಡಗಳಿಗೆ ಅನುಮತಿ ದೊರೆಯಿತು. 1968ರಲ್ಲಿ ಎರಡು ತಂಡಗಳು ಅದೇ ಧ್ವಜ, ಅದೇ ಸ್ವರಗಳೊಡನೆ ಬಂದವು. 1972ರ ಮ್ಯೂನಿಕ್ ಕೂಟದಲ್ಲಿ ಅವೂ ಬೇರೆಯಾದವು. 1990ರಲ್ಲಿ ರಾಜ್ಯಗಳು ಒಂದಾದ ಮೇಲೆ 1992ರಲ್ಲಿ ಜರ್ಮನಿಯು ಪುನಃ ಒಂದೇ ತಂಡವಾಗಿ ಸ್ಪರ್ಧಿಸಿತು.

ಇದರೊಡನೆ 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಕೂಟದಲ್ಲಿ ಆಡಿದ ಕೊರಿಯದ ಸಂಯುಕ್ತ ಮಹಿಳಾ ಐಸ್ ಹಾಕಿ ತಂಡವನ್ನು ಹೋಲಿಸಿ ನೋಡಬಹುದು. ಅಲ್ಲಿ ದಕ್ಷಿಣದ 23 ಆಟಗಾರ್ತಿಯರೊಡನೆ ಉತ್ತರದ 12 ಮಂದಿ ಸೇರಿದ್ದು ಒಪ್ಪಂದದಿಂದ, ಆಯ್ಕೆ ಸ್ಪರ್ಧೆಯಿಂದಲ್ಲ. ಆ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಯೋಗ್ಯತೆಯೇ ಪ್ರಮಾಣವಾದರೆ ಒಳಗಿನ ಪೈಪೋಟಿ ಬೆಳೆಯುತ್ತದೆ. ಒಪ್ಪಂದವೇ ಪ್ರಮಾಣವಾದರೆ, ವರ್ಷಗಟ್ಟಲೆ ಅಭ್ಯಾಸಮಾಡಿದ ಆಟಗಾರರು ತಮ್ಮ ಅವಕಾಶವನ್ನು ಬಿಟ್ಟುಕೊಡಬೇಕಾಗುತ್ತದೆ.

ಹೀಗೆ ವಿಚಾರಮಾಡಿದಾಗ, ತಂಡವು ರಾಷ್ಟ್ರದ ಭಾವನೆಯನ್ನು ಪ್ರಕಟಿಸಬಲ್ಲುದೇ ಹೊರತು ರಾಜ್ಯದ ಐಕ್ಯವನ್ನು ನಿರ್ಮಿಸಲಾರದು ಎಂದು ತೋರುತ್ತದೆ. ಆದರೂ ಈ ಪ್ರಯೋಗವನ್ನು ನಿಷ್ಫಲವೆಂದು ತಳ್ಳಿಹಾಕುವಂತಿಲ್ಲ. ಗೋಡೆಯ ಇಬ್ಬದಿಯವರೂ ಒಂದೇ ಧ್ವಜದ ಹಿಂದೆ ನಡೆದ ಆ ದೃಶ್ಯವು, ರಾಜ್ಯಗಳ ಗಡಿಗಿಂತ ಜನರ ನೆನಪು ದೀರ್ಘಕಾಲ ಬಾಳುತ್ತದೆಂಬುದಕ್ಕೆ ಸಾಕ್ಷಿಯಾಗಿ ಉಳಿದಿದೆ.