ಬೋರ್ಡಿಗೆ ಬಳುಕುವ ಅಕ್ಷರ: ಹೆಸರಿಗೆ ಚೆಂದ, ಫೋನ್ ನಂಬರಿಗೆ ಬೇಡ

ಮದುವೆ ಪತ್ರಿಕೆಯಲ್ಲಿ ಕಾಣುವ, ಕೈಯಲ್ಲಿ ಬರೆದಂಥ ಬಳುಕು ಅಕ್ಷರ ಅಂಗಡಿ ಬೋರ್ಡಿಗೂ ಬೇಕು ಅನ್ನೋರು ದುಡ್ಡು ಕೊಟ್ಟು ಫಾಂಟ್ ಕೊಳ್ಳಬೇಕಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿರುವ ‘ಅಕಾಯ’ ಅಲಂಕಾರಿಕ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಇಂಗ್ಲಿಷ್ ಅಕ್ಷರಗಳೂ ಅದೇ ಶೈಲಿಯಲ್ಲಿವೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕಲ್ಲ, ಎರಡೂ ಭಾಷೆ ಒಂದಕ್ಕೊಂದು ಹೊಂದುತ್ತವೆ.

ಆದರೆ ಇದು ದೊಡ್ಡಕ್ಷರಕ್ಕೆ ಮಾತ್ರ. ವಿಳಾಸ, ಫೋನ್ ನಂಬರಿಗೂ ಇದನ್ನೇ ಹಾಕಿಸಿದರೆ ಬೈಕಿನಲ್ಲಿ ಹೋಗೋರಿಗೆ ಏನೂ ಓದೋಕಾಗಲ್ಲ. ಅವಕ್ಕೆ ಸಾದಾ ಫಾಂಟೇ ಸರಿ.

ಇನ್ನೊಂದು ತೊಂದರೆ ಫ್ಲೆಕ್ಸ್ ಅಂಗಡಿಯದು. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದಕ್ಕೆ ಯೂನಿಕೋಡ್ ಫಾಂಟ್ ಕೊಟ್ಟರೆ ಅಕ್ಷರ ಚೆಲ್ಲಾಪಿಲ್ಲಿ. ಯೂನಿಕೋಡ್‌ಗೆ ಬದಲಾಯಿಸಲು ಹೇಳಿ. ಪ್ರಿಂಟಿಗೆ ಕೊಡುವ ಮೊದಲು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ‘ಸ್ಟೋರ್ಸ್’ನಲ್ಲೇ ಎಷ್ಟೋ ಸಲ ಎಡವಟ್ಟಾಗೋದು.