ಅಜ್ಜಿಯ ಸೊಂಟಕ್ಕೆ ಯಾವ ಬಾಲ್?

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿಯಲ್ಲಿ ವಾಹನಗಳ ಸದ್ದು ನಿಲ್ಲುವುದೇ ಅಪರೂಪ. ಆದರೆ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುವುದು ಹೆಚ್ಚಾಗಿ ಮನೆಯೊಳಗೇ, ಬಚ್ಚಲಿನ ಹೊಸ್ತಿಲಲ್ಲೋ ಮಂಚದ ಪಕ್ಕದಲ್ಲೋ. ಬಿದ್ದ ಅಜ್ಜಿಗೆ ಏಳಲಾಗುವುದಿಲ್ಲ. ಒಂದು ಕಾಲು ಗಿಡ್ಡವಾದಂತೆ ಕಾಣುತ್ತದೆ, ಪಾದ ಹೊರಕ್ಕೆ ಹೊರಳಿರುತ್ತದೆ. ಆಂಬುಲೆನ್ಸ್ ಕೆಂಗೇರಿಯತ್ತ ಹೋಗಲಿ, ಜಯನಗರದ ಸಂಜಯ ಗಾಂಧಿ ಆಸ್ಪತ್ರೆಗೇ ಹೋಗಲಿ, ವೈದ್ಯರು ಎಕ್ಸ್‌ರೇ ನೋಡಿ ‘ಬಾಲ್ ಬದಲಾಯಿಸಬೇಕು’ ಎಂದೊಡನೆ ಮನೆಯವರು ಕೇಳುವುದು ಒಂದೇ: ‘ಇಂಡಿಯನ್ದು ಹಾಕ್ತೀರಾ, ಇಂಪೋರ್ಟೆಡ್ದಾ?’

ಎಪ್ಪತ್ತೈದು ದಾಟಿದವರ ವಿಷಯದಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಹಾಕುವ ವಸ್ತು ಮೂಳೆಯೊಳಗೆ ಹೇಗೆ ನಿಲ್ಲುತ್ತದೆ?

ತೊಡೆಮೂಳೆಯ ತುದಿಯಲ್ಲಿರುವ ಗುಂಡಿಗೆ ರಕ್ತ ಬರುವುದು ಬಹುಮಟ್ಟಿಗೆ ಅದರ ಕತ್ತನ್ನು ಹತ್ತಿ ಸಾಗುವ ಸಣ್ಣ ನಾಳಗಳಿಂದ. ಕತ್ತು ಮುರಿದು ಸರಿದರೆ ಆ ನಾಳಗಳೂ ಹರಿಯುತ್ತವೆ. ಗುಂಡು ಒಣಗುವ ಸಂಭವ ಹೆಚ್ಚು. ಅದಕ್ಕೇ ಅದನ್ನು ತೆಗೆದು ಲೋಹದ್ದನ್ನು ಕೂರಿಸುವುದು. ಮುರಿತ ಕತ್ತಿಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ರಾಡು, ಸ್ಕ್ರೂಗಳೇ ಸಾಕು.

ಕೀಲು ಬದಲಿಸುವ ಈ ವಿದ್ಯೆ ಪಕ್ವವಾದದ್ದು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ, ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯನ ಕೈಯಲ್ಲಿ. ಗುಂಡು ಆಡುವ ಕುಳಿಗೆ ಆತ ಮೊದಲು ನಂಬಿದ್ದು ಟೆಫ್ಲಾನ್ ಬಟ್ಟಲನ್ನು. ಕೆಲವೇ ವರ್ಷಗಳಲ್ಲಿ ಅದು ಸವೆದು, ಅದರ ಪುಡಿ ಸುತ್ತಲಿನ ಮೂಳೆಯನ್ನೇ ಹಾಳುಮಾಡಿತು. 1962ರಲ್ಲಿ ಮಾರಾಟದವನೊಬ್ಬ ನೇಯ್ಗೆ ಯಂತ್ರಗಳ ಗಿಯರಿಗೆ ಬಳಸುವ ಗಟ್ಟಿ ಪಾಲಿಎಥಿಲೀನ್ ತುಂಡನ್ನು ತಂದುಕೊಟ್ಟ. ಚಾರ್ನ್‌ಲಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಸಹಾಯಕ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತದ ಯಂತ್ರಕ್ಕೆ ಹಾಕಿ ವಾರಗಟ್ಟಲೆ ಉಜ್ಜಿಸಿದ, ಸವೆದದ್ದು ಅತ್ಯಲ್ಪ. ಟೆಫ್ಲಾನ್ ಪೆಟ್ಟು ಮರೆಯದ ಚಾರ್ನ್‌ಲಿ ಎರಡೂ ವಸ್ತುಗಳ ಚೂರನ್ನು ತನ್ನ ತೊಡೆಯೊಳಗೇ ಸೇರಿಸಿಕೊಂಡು ದೇಹ ಹೇಗೆ ಪ್ರತಿಕ್ರಿಯಿಸುತ್ತದೆಂದು ನೋಡಿದ. ರೋಗಿಗಳ ಋಣವನ್ನು ಇಷ್ಟು ಗಂಭೀರವಾಗಿ ಹೊತ್ತವರು ವೈದ್ಯಕೀಯದಲ್ಲಿ ವಿರಳ. ಅದೇ ವರ್ಷದ ನವೆಂಬರಿನಲ್ಲಿ ಹೊಸ ಬಟ್ಟಲು ಮೊದಲ ರೋಗಿಯ ಸೊಂಟ ಸೇರಿತು.

ಚಾರ್ನ್‌ಲಿ ನೆಲೆಗೊಳಿಸಿದ ಇನ್ನೊಂದು ವಸ್ತು ಮೂಳೆ ಸಿಮೆಂಟು. ಇದು ದಂತವೈದ್ಯರು ಬಳಸುವ ಅಕ್ರಿಲಿಕ್‌ನ ಬಂಧು. ಪುಡಿಗೆ ದ್ರವ ಬೆರೆಸಿದರೆ ಹತ್ತು ಹನ್ನೆರಡು ನಿಮಿಷಗಳಲ್ಲಿ ಬಿಸಿಯಾಗಿ ಗಟ್ಟಿಯಾಗುತ್ತದೆ. ಹೆಸರು ಸಿಮೆಂಟಾದರೂ ಇದಕ್ಕೆ ಅಂಟುವ ಗುಣವಿಲ್ಲ. ಗಾರೆಯವರು ಕಿಟಕಿಯ ಸರಳನ್ನು ಗೋಡೆಗೆ ಕೂರಿಸಿ ಸುತ್ತಲ ಸಂದು ತುಂಬುತ್ತಾರಲ್ಲ, ಕೆಲಸ ಅದೇ.

ಸಿಮೆಂಟಿಲ್ಲದ ಮಾದರಿಯ ಮೈ ಒರಟಾಗಿರುತ್ತದೆ. ಅದನ್ನು ಮೂಳೆಯ ಕೊಳವೆಗೆ ಬಿಗಿಯಾಗಿ ಬಡಿದು ಕೂರಿಸುತ್ತಾರೆ, ಮುಂದೆ ಮೂಳೆಯೇ ಬೆಳೆದು ಹಿಡಿದುಕೊಳ್ಳಬೇಕು. ಐವತ್ತರ ಗಟ್ಟಿ ಮೂಳೆಗೆ ಇದು ಚೆನ್ನ. ಎಂಬತ್ತರ ಮೂಳೆಯ ಗೋಡೆ ತೆಳು, ಕೊಳವೆ ಅಗಲ. ಬಡಿಯುವಾಗಲೋ ಆಮೇಲೋ ಬಿರುಕು ಬಿಡಬಹುದು. ಬ್ರಿಟನ್ನಿನಲ್ಲಿ ಸೊಂಟ ಮುರಿದ, ಅರವತ್ತು ದಾಟಿದ 1,225 ಮಂದಿಯನ್ನು ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹಾಕಿದ ಭಾಗದ ಸುತ್ತ ಮೂಳೆ ಮುರಿದದ್ದು ಸಿಮೆಂಟಿನವರಲ್ಲಿ ಶೇ 0.5, ಸಿಮೆಂಟಿಲ್ಲದವರಲ್ಲಿ ಶೇ 2.1. ಎಂಬತ್ತರಲ್ಲಿ ಎರಡನೇ ಆಪರೇಷನ್ ಎಂದರೆ ಎಂಥ ಯಾತನೆ ಎಂಬುದನ್ನು ಕಂಡವರಿಗೆ ಈ ಅಂತರ ಸಣ್ಣದೆನಿಸದು. ಸಿಮೆಂಟು ತುಂಬುವ ಗಳಿಗೆಯಲ್ಲಿ ಕೆಲವರಿಗೆ ರಕ್ತದೊತ್ತಡ ಕುಸಿಯುವುದುಂಟು, ಹೃದಯ ದುರ್ಬಲವಿದ್ದರೆ ಅರಿವಳಿಕೆ ತಜ್ಞರ ಮಾತೇ ಅಲ್ಲಿ ಮುಖ್ಯ. ಆದರೆ ‘ಸಿಮೆಂಟು ಹಳೇ ಪದ್ಧತಿ’ ಎಂಬ ಪಕ್ಕದ ಮನೆಯವರ ಮಾತಿಗೆ ಮಣಿಯಬೇಕಿಲ್ಲ.

ಅರ್ಧ ಕೀಲೋ, ಬಟ್ಟಲೂ ಸೇರಿ ಪೂರ್ತಿಯೋ? ಗುಂಡನ್ನಷ್ಟೇ ಬದಲಿಸಿದರೆ ಆಪರೇಷನ್ ಚಿಕ್ಕದು, ಕೀಲು ತಪ್ಪುವ ಭಯವೂ ಕಡಿಮೆ. ಹತ್ತು ದೇಶಗಳ ಸುಮಾರು 1,500 ರೋಗಿಗಳ 2019ರ ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮನೆಯೊಳಗಷ್ಟೇ ಓಡಾಡುವ ಅಜ್ಜಿಗೆ ಅರ್ಧವೇ ಸಾಕಾದೀತು. ದಿನವೂ ಮೆಟ್ರೊ ಮೆಟ್ಟಿಲು ಹತ್ತುವ, ಚುರುಕಾದ ಅಜ್ಜನಿಗೆ ಪೂರ್ತಿ ಕೀಲು ಒಪ್ಪೀತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ, ಕುಕ್ಕರಗಾಲಿನ ಶೌಚ ಬಿಡಲಾಗದವರಿಗೆ ಕೀಲು ತಪ್ಪುವ ಅಪಾಯ ಹೆಚ್ಚು. ಗುಂಡಿನೊಳಗೆ ಗುಂಡು ಆಡುವ ‘ಡ್ಯುಯಲ್ ಮೊಬಿಲಿಟಿ’ ಮಾದರಿಯನ್ನು ಫ್ರಾನ್ಸಿನ ಸೇಂತ್ ಎತಿಯನ್‌ನಲ್ಲಿ ಜಿಲ್ ಬೂಸ್ಕೆ ರೂಪಿಸಿದ್ದು 1970ರ ದಶಕದಲ್ಲಿ, ಕೀಲು ತಪ್ಪದಿರಲೆಂದೇ. ಹಣವಿದ್ದರೆ ಸೆರಾಮಿಕ್ ಗುಂಡಿಗೆ ಸುರಿಯುವ ಮುನ್ನ ಇದನ್ನು ವಿಚಾರಿಸುವುದು ಮೇಲು. ದಶಕಗಳ ಸವೆತ ತಡೆಯುವ ಸೆರಾಮಿಕ್‌ನ ಲಾಭ ಎಂಬತ್ತೈದರಲ್ಲಿ ಎಷ್ಟು ದಕ್ಕೀತು?

ಈ ವಿಚಾರಣೆಯಲ್ಲೇ ನಾಲ್ಕು ದಿನ ಕಳೆಯಬಾರದು. ಮಲಗಿದಲ್ಲೇ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ದೇಹಸ್ಥಿತಿ ಒಪ್ಪಿದರೆ ಒಂದೆರಡು ದಿನದೊಳಗೆ ಆಪರೇಷನ್, ಮರುದಿನವೇ ವಾಕರ್ ಹಿಡಿದು ನಿಲ್ಲುವುದು: ಯಾವ ಕಂಪನಿಯ ಹೆಸರಿಗಿಂತಲೂ ಇದು ದೊಡ್ಡ ಔಷಧ.

ಡಿಸ್ಚಾರ್ಜ್ ದಿನ ಒಂದು ಸಣ್ಣ ಕೆಲಸ ಬಾಕಿ ಇರುತ್ತದೆ. ಪ್ರತಿ ಇಂಪ್ಲಾಂಟ್ ಡಬ್ಬದಲ್ಲೂ ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕರುಗಳಿರುತ್ತವೆ. ಲೋಹದ ಗುಂಡು ಲೋಹದ ಬಟ್ಟಲಿಗೆ ಉಜ್ಜುವ ಡಿಪ್ಯೂ ಕಂಪನಿಯ ಎಎಸ್ಆರ್ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಕರೆದಾಗ, ಭಾರತದಲ್ಲಿ ಅದನ್ನು ಹಾಕಿಸಿಕೊಂಡವರಲ್ಲಿ ಬಹುಪಾಲು ಮಂದಿಯ ಪತ್ತೆಯೇ ಸಿಗಲಿಲ್ಲ. ಆ ಸ್ಟಿಕರ್ ಅಂಟಿಸಿದ ಹಾಳೆಯನ್ನು ಕೇಳಿ ಪಡೆದು, ರೇಷನ್ ಕಾರ್ಡು, ಮನೆ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟುಕೊಳ್ಳಬೇಕು.