ಚಿತ್ರದಲ್ಲಿನ ಆಕಾರವನ್ನು ಯಂತ್ರ ಗುರುತಿಸುವ ಬಗೆ

ಸಮಪಾತಳಿ ಬದು ಹಾಕುವ ಮೊದಲು ನೆಲ ಯಾವ ದಿಕ್ಕಿಗೆ, ಎಷ್ಟು ಇಳಿಜಾರಾಗಿದೆ ಎಂದು ಅಳೆಯುವುದು ರೈತರಿಗೆ ತಿಳಿದ ಕ್ರಮ. ಗಣಕಯಂತ್ರವೂ ಛಾಯಾಚಿತ್ರವನ್ನು ಹೀಗೆಯೇ ಅಳೆದು ಅದರಲ್ಲಿರುವ ಆಕಾರವನ್ನು ಗುರುತಿಸಬಲ್ಲದು. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿದ್ದ ನವನೀತ್ ದಲಾಲ್ ಮತ್ತು ಬಿಲ್ ಟ್ರಿಗ್ಸ್ ಅವರು 2005ರಲ್ಲಿ, ಚಿತ್ರಗಳಲ್ಲಿ ನಿಂತಿರುವ ಮನುಷ್ಯರನ್ನು ಪತ್ತೆಹಚ್ಚಲು ಈ ವಿಧಾನವನ್ನು ಪ್ರಕಟಿಸಿದರು.

ಇಳಿಜಾರಿನ ಅಳತೆ: ಚಿತ್ರವೆಂದರೆ ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳ ಸಾಲುಗಳು. ಪ್ರತಿ ಚುಕ್ಕೆಯ ಹೊಳಪಿಗೂ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತದೆ. ಒಂದು ಚುಕ್ಕೆಯ ಎಡಕ್ಕೆ 40, ಬಲಕ್ಕೆ 100 ಇದ್ದರೆ ಅಂತರ 60. ಮೇಲೆ 50, ಕೆಳಗೆ 130 ಇದ್ದರೆ ಅಂತರ 80. ಇವೆರಡರಿಂದ ಇಳಿಜಾರಿನ ಪ್ರಮಾಣ 100 ಎಂದೂ, ಅದರ ಕೋನ ಸುಮಾರು 53 ಡಿಗ್ರಿ ಎಂದೂ ಸಿಗುತ್ತದೆ.

ರಾಶಿ ಹಾಕುವುದು: ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಮಡಿಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಮಡಿಗೂ 20 ಡಿಗ್ರಿಗೊಂದರಂತೆ 9 ರಾಶಿಗಳು. ಮೇಲಿನ ಚುಕ್ಕೆಯ 100 ಬಹುಪಾಲು ಮೂರನೆಯ ರಾಶಿಗೆ ಸೇರುತ್ತದೆ. ಅನಂತರ ನಾಲ್ಕು ನಾಲ್ಕು ಮಡಿಗಳನ್ನು ಒಟ್ಟುಗೂಡಿಸಿ ರಾಶಿಗಳನ್ನು ಒಂದೇ ಪ್ರಮಾಣಕ್ಕೆ ತರಲಾಗುತ್ತದೆ. ಬಿಸಿಲು ಕಡಿಮೆಯಾಗಿ ಎಲ್ಲ ಅಂತರಗಳೂ ಅರ್ಧಕ್ಕಿಳಿದರೂ ರಾಶಿಗಳ ಪರಸ್ಪರ ಪ್ರಮಾಣ ಕೆಡುವುದಿಲ್ಲ. 64 ಚುಕ್ಕೆ ಅಗಲ, 128 ಚುಕ್ಕೆ ಎತ್ತರದ ಚಿತ್ರಕ್ಕೆ ಹೀಗೆ 3780 ಅಂಕಿಗಳು ದೊರೆಯುತ್ತವೆ. ಮನುಷ್ಯರಿರುವ ಮತ್ತು ಇಲ್ಲದ ಅನೇಕ ಚಿತ್ರಗಳ ಇಂತಹ ಅಂಕಿಗಳನ್ನು ಮೊದಲೇ ಕೊಟ್ಟು, ಎರಡನ್ನೂ ಬೇರ್ಪಡಿಸಲು ಯಂತ್ರಕ್ಕೆ ಕಲಿಸಲಾಗುತ್ತದೆ.

ಉಪಯೋಗ ಮತ್ತು ಮಿತಿ: ಅಗಲ ಎಲೆಯ ಕಳೆಗೂ ಹುಲ್ಲಿನ ಜಾತಿಯ ಕಳೆಗೂ ಎಲೆಯಂಚಿನ ರೂಪ ಬೇರೆ. ಇಂತಹ ಆಕಾರಭೇದವನ್ನು ತಿಳಿಯಲು ಈ ಲೆಕ್ಕ ಒದಗುತ್ತದೆ. ಆದರೆ ಬಣ್ಣ ಯಾವುದೆಂಬುದು ಇದರಲ್ಲಿ ಉಳಿಯುವುದಿಲ್ಲ. ಸಾರಜನಕದ ಕೊರತೆಯಿಂದ ಎಲೆ ಒಂದೇ ಸಮನೆ ಹಳದಿಯಾದರೂ ಅಂಚಿನ ದಿಕ್ಕು ಬದಲಾಗದು. ಆದುದರಿಂದ ಈ ಲೆಕ್ಕವೊಂದನ್ನೇ ನಂಬಿ ಗೊಬ್ಬರದ ಪ್ರಮಾಣ ನಿರ್ಧರಿಸುವುದು ಸರಿಯಲ್ಲ. ಎಲೆಯನ್ನು ಓರೆಯಾಗಿ ಇಟ್ಟರೆ ರಾಶಿಗಳೂ ಅದಲುಬದಲಾಗುತ್ತವೆ.

2012ರ ನಂತರ, ಯಾವ ಗುರುತು ನೋಡಬೇಕೆಂಬುದನ್ನೂ ತಾವೇ ಕಲಿಯುವ ನರಜಾಲ ವಿಧಾನಗಳು ಬಹುಮಟ್ಟಿಗೆ ಇದರ ಸ್ಥಾನಕ್ಕೆ ಬಂದಿವೆ. ವಿಧಾನ ಯಾವುದೇ ಇರಲಿ, ಎಲೆಯ ಚಿತ್ರ ತೆಗೆಯುವಾಗ ಕೈ ಅಲುಗದಂತೆಯೂ ಹಿನ್ನೆಲೆ ಸಾದಾ ಇರುವಂತೆಯೂ ನೋಡಿಕೊಳ್ಳಬೇಕು. ಯಂತ್ರದ ಉತ್ತರ ಬಂದ ಮೇಲೂ ಔಷಧಿ ಸಿಂಪಡಿಸುವ ಮೊದಲು ಗಿಡವನ್ನು ಬೇರುಸಹಿತ ಪರೀಕ್ಷಿಸುವುದು ಒಳಿತು.